ಕ್ಯಾಮೆರಾ ಸೆನ್ಸರ್‌ನ ಡೈನಾಮಿಕ್ ರೇಂಜ್ ಮನೆಯಲ್ಲೇ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಿಂದ ಸ್ವಲ್ಪ ದೂರದಲ್ಲಿ ನಮ್ಮ ಮನೆ. ಕೆಲಸ ಎರಡು, ತೋಟ ಮತ್ತು ಮದುವೆ ಫೋಟೋ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಎರಡೂ ಹೆಚ್ಚುಕಡಿಮೆ ನಿಲ್ಲುತ್ತವೆ. ಹಾಗೆ ಸುಮ್ನೆ ಕೂತಾಗ ಕ್ಯಾಮೆರಾ ಅಳೆಯುವ ಚಟ ಹತ್ತಿತು. ಮೊದಲು ನನ್ನದು ಅಳೆದೆ, ಆಮೇಲೆ ಗೆಳೆಯರದು, ಈಗ ಗುರುತಿಲ್ಲದವರೂ ಕೇಳುತ್ತಾರೆ. ಒಂದೇ ಪ್ರಶ್ನೆಗೆ ಫೋನಿನಲ್ಲಿ ಹತ್ತು ಸಲ ಉತ್ತರ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಡುವೆ ಸ್ವಲ್ಪ ಲೆಕ್ಕ ಇದೆ. ಬೇಡ ಅನಿಸಿದವರು ಅದನ್ನು ದಾಟಿ ಮುಂದೆ ಓದಿ.

ಡೈನಾಮಿಕ್ ರೇಂಜ್ ಅಂದರೆ ಏನು?

ಒಂದೇ ಫೋಟೋದಲ್ಲಿ ಸೆನ್ಸರ್ ಹಿಡಿಯಬಲ್ಲ ಅತಿ ಹೆಚ್ಚು ಬೆಳಕಿಗೂ ಅತಿ ಕಡಿಮೆ ಬೆಳಕಿಗೂ ಇರುವ ಅಂತರ. ಇದನ್ನು ಸ್ಟಾಪ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಸ್ಟಾಪ್ ಮೇಲೆ ಹೋದರೆ ಬೆಳಕು ಎರಡರಷ್ಟು. 2 ಸ್ಟಾಪ್ ಅಂದರೆ 4 ಪಟ್ಟು, 10 ಸ್ಟಾಪ್ ಅಂದರೆ 1,024 ಪಟ್ಟು, 14 ಸ್ಟಾಪ್ ಅಂದರೆ 16,384 ಪಟ್ಟು. ಕೆಲವು ಕಡೆ ಡೆಸಿಬೆಲ್‌ನಲ್ಲಿ ಕೊಟ್ಟಿರುತ್ತಾರೆ, ಅದನ್ನು 6.02ರಿಂದ ಭಾಗಿಸಿದರೆ ಸ್ಟಾಪ್ ಬರುತ್ತದೆ.

ಮೇಲಿನ ತುದಿಯಲ್ಲಿ ಜಗಳ ಇಲ್ಲ. ಪಿಕ್ಸೆಲ್ ತುಂಬಿತು ಅಂದರೆ ಮುಗಿಯಿತು, ಅಲ್ಲಿ ಬರೀ ಬಿಳಿ. ತಕರಾರು ಇರುವುದೆಲ್ಲ ಕೆಳಗಿನ ತುದಿಯಲ್ಲಿ.

ಕೆಳಗಿನ ತುದಿಯಲ್ಲಿ ಏನು ತಕರಾರು?

ಕೊಡಗಿನಲ್ಲಿ ತೋಟದವರ ಅಂಗಳದಲ್ಲಿ ರೈನ್‌ಗೇಜ್ ಇರುತ್ತದಲ್ಲ, ಬೆಳಿಗ್ಗೆ ಎದ್ದ ಕೂಡಲೇ ಎಷ್ಟು ಇಂಚು ಎಷ್ಟು ಸೆಂಟ್ ಅಂತ ಪುಸ್ತಕದಲ್ಲಿ ಬರೆಯುವುದು, ಅದನ್ನೇ ನೆನೆಸಿಕೊಳ್ಳಿ. ಪಿಕ್ಸೆಲ್ ಅಂದರೆ ಒಂದು ಪುಟ್ಟ ರೈನ್‌ಗೇಜ್. ಬೀಳುವುದು ಮಳೆಯ ಬದಲು ಬೆಳಕು, ತುಂಬುವುದು ನೀರಿನ ಬದಲು ಎಲೆಕ್ಟ್ರಾನ್. ಆಗಸ್ಟ್‌ನ ಜಡಿಮಳೆಗೆ ಒಳಗಿನ ಬಾಟಲಿ ತುಂಬಿ ಚೆಲ್ಲಿದರೆ ರಾತ್ರಿ ಎಷ್ಟು ಬಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದು ಬರ್ನ್ ಆದ ಹೈಲೈಟ್. ಇನ್ನೊಂದು ಕಡೆ, ರಾತ್ರಿ ಎರಡು ಹನಿ ಜಿನುಗಿದ್ದರೆ ಬಾಟಲಿಯ ತಳ ಒದ್ದೆ ಇದೆ ಅಷ್ಟೆ, ಅಳತೆ ಗ್ಲಾಸಿಗೆ ಸುರಿದರೆ ಗೆರೆಯನ್ನೂ ಮುಟ್ಟುವುದಿಲ್ಲ. ಅದು ಮಳೆಯೋ, ಮಂಜೋ, ನಿನ್ನೆ ಸರಿಯಾಗಿ ಒರೆಸದೆ ಬಿಟ್ಟ ನೀರೋ? ಈ ಅನುಮಾನಕ್ಕೆ ಸೆನ್ಸರ್ ಭಾಷೆಯಲ್ಲಿ ರೀಡ್ ನಾಯ್ಸ್ ಅನ್ನುತ್ತಾರೆ. ಸೆನ್ಸರ್‌ನಿಂದ ಸಂಕೇತವನ್ನು ಓದಿ, ಹಿಗ್ಗಿಸಿ, ಅಂಕಿಯಾಗಿ ಮಾಡುವ ಸರ್ಕ್ಯೂಟ್ ತಾನೇ ಸೇರಿಸುವ ಗಲಾಟೆ ಅದು.

ಇನ್ನೊಂದು ಗಲಾಟೆ ಬೆಳಕಿನೊಳಗೇ ಇದೆ. ಮೊದಲ ಮಳೆಯ ನಾಲ್ಕು ಹನಿ ಬಿದ್ದಾಗ ಅಂಗಳದ ಹಾಸುಗಲ್ಲು ನೋಡಿದ್ದೀರಾ? ಒಂದು ಕಲ್ಲಿನ ಮೇಲೆ 3 ಹನಿ, ಪಕ್ಕದ್ದರ ಮೇಲೆ 8. ಮಳೆ ಜೋರಾದ ಮೇಲೆ ಎಲ್ಲ ಕಲ್ಲೂ ಒಂದೇ ಥರ ಒದ್ದೆ. ಬೆಳಕೂ ಹಾಗೇ ಬಿಡಿ ಬಿಡಿಯಾಗಿ ಬೀಳುತ್ತದೆ. ಇದು ಶಾಟ್ ನಾಯ್ಸ್. ಲೆಕ್ಕ ಸರಳ, ಎಷ್ಟು ಎಲೆಕ್ಟ್ರಾನ್ ಸಿಕ್ಕಿತೋ ಅದರ ವರ್ಗಮೂಲದಷ್ಟು ನಾಯ್ಸ್. 10,000 ಸಿಕ್ಕರೆ ನಾಯ್ಸ್ 100, ಅಂದರೆ ಸಂಕೇತ ನಾಯ್ಸಿನ 100 ಪಟ್ಟು, ಫೋಟೋ ನುಣ್ಣಗೆ ಕಾಣುತ್ತದೆ. ಬರೀ 100 ಸಿಕ್ಕರೆ ನಾಯ್ಸ್ 10, ಅನುಪಾತ 10 ಮಾತ್ರ. ಕ್ಯಾಮೆರಾ ಎಷ್ಟೇ ದುಬಾರಿ ಇರಲಿ, ಇದನ್ನು ತಪ್ಪಿಸಲು ಆಗುವುದಿಲ್ಲ.

‘ಬಳಸಬಹುದಾದ’ ಅಂತ ಯಾಕೆ ಸೇರಿಸುತ್ತೀರಿ? ರೇಂಜ್ ಅಂದರೆ ರೇಂಜ್ ತಾನೇ?

ಇದೇ ಮುಖ್ಯ ಪ್ರಶ್ನೆ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಇಂಜಿನಿಯರಿಂಗ್ ಲೆಕ್ಕದಲ್ಲಿ ಕೆಳಗಿನ ತುದಿ ಅಂದರೆ ಸಂಕೇತವೂ ನಾಯ್ಸೂ ಸಮ ಆಗುವ ಜಾಗ, ಅನುಪಾತ 1. ಆ ಜಾಗದಲ್ಲಿ ಫೋಟೋ ನೋಡಿದರೆ ಕಾಣುವುದು ಕಾಫಿ ಪುಡಿ ಚೆಲ್ಲಿದ ಹಾಗೆ. ಏನೋ ಇದೆ ಅಂತ ಕಂಪ್ಯೂಟರ್ ಹೇಳಬಹುದು, ನೀವು ಅದನ್ನು ಆಲ್ಬಂನಲ್ಲಿ ಹಾಕುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪಿಕ್ಸೆಲ್ ತುಂಬುವುದಕ್ಕೆ 50,000 ಎಲೆಕ್ಟ್ರಾನ್ ಬೇಕು, ರೀಡ್ ನಾಯ್ಸ್ 3 ಎಲೆಕ್ಟ್ರಾನ್ ಅಂದುಕೊಳ್ಳಿ. 50,000ವನ್ನು 3ರಿಂದ ಭಾಗಿಸಿದರೆ ಸುಮಾರು 16,667, ಅಂದರೆ 14 ಸ್ಟಾಪ್. ಡಬ್ಬಿ ಮೇಲೆ ಬರುವ ಅಂಕಿ ಇದು. ಶಾಟ್ ನಾಯ್ಸನ್ನೂ ಸೇರಿಸಿ ಅನುಪಾತ 1 ಎಲ್ಲಿ ಬರುತ್ತದೆ ಅಂತ ನೋಡಿದರೆ 13.8. ಈಗ ಸ್ವಲ್ಪ ಮರ್ಯಾದೆಯ ನೆರಳು ಬೇಕು, ಅನುಪಾತ ಕನಿಷ್ಠ 4 ಇರಲಿ ಅನ್ನಿ. ಆಗ ಕೆಳಗಿನ ತುದಿ 22 ಎಲೆಕ್ಟ್ರಾನ್ ಹತ್ತಿರ ನಿಲ್ಲುತ್ತದೆ, ರೇಂಜ್ 11.1ಕ್ಕೆ ಇಳಿಯುತ್ತದೆ. ಅನುಪಾತ 10 ಬೇಕು ಅಂದರೆ 108 ಎಲೆಕ್ಟ್ರಾನ್ ಬೇಕು, ರೇಂಜ್ 8.9. ಅದೇ ಸೆನ್ಸರ್, ಅದೇ ಫೈಲು. ಬದಲಾಗಿದ್ದು ನಿಮ್ಮ ತಾಳ್ಮೆ ಮಾತ್ರ. ಹಾಗಾಗಿ ಯಾರಾದರೂ ‘ನನ್ನ ಕ್ಯಾಮೆರಾ 14 ಸ್ಟಾಪ್’ ಅಂದರೆ ‘ಯಾವ ಅನುಪಾತಕ್ಕೆ?’ ಅಂತ ಕೇಳಿ. ಮಾತು ಅಲ್ಲಿಗೇ ನಿಲ್ಲುತ್ತದೆ.

ಹಾಗಾದರೆ ಎಷ್ಟು ಅನುಪಾತ ಇಟ್ಟುಕೊಳ್ಳಬೇಕು?

ನಿಮ್ಮ ಕೆಲಸ ನೋಡಿ ನೀವೇ ಇಟ್ಟುಕೊಳ್ಳಬೇಕು. ನನ್ನ ವಿಧಾನ ಹೇಳುತ್ತೇನೆ. ಕೊಡವ ಮದುವೆಯಲ್ಲಿ ಗಂಡಿಗೆ ಬಿಳಿ ಕುಪ್ಯ (ಕೊಡವರ ಉದ್ದನೆಯ ಕೋಟು), ಬಂದ ಗಂಡಸರಿಗೆ ಕಪ್ಪು ಕುಪ್ಯ. ಬಿಳಿ ಬಟ್ಟೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 90ರಷ್ಟು ಹಿಂದಕ್ಕೆ ಕೊಡುತ್ತದೆ, ಕಪ್ಪು ಬಟ್ಟೆ 3ರಷ್ಟು ಅಂತ ಇಟ್ಟುಕೊಳ್ಳಿ. ಬಟ್ಟೆಯಿಂದಲೇ ಸುಮಾರು 5 ಸ್ಟಾಪ್ ಅಂತರ ಬಂತು. ಮೇಲಿಂದ ಗಂಡು ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳದಲ್ಲಿ ನಿಂತಿದ್ದಾನೆ, ಮಾವಂದಿರು ಐನ್‌ಮನೆಯ (ಕುಟುಂಬದ ಮೂಲ ಮನೆ) ಕೈಸಾಲೆಯ (ಜಗಲಿ) ನೆರಳಿನಲ್ಲಿ ಕೂತಿದ್ದಾರೆ. ಬಿಸಿಲಿಗೂ ನೆರಳಿಗೂ ಇನ್ನೊಂದು 4–5 ಸ್ಟಾಪ್ ಸೇರಿಸಿ. ಗಂಡಿನ ಕುಪ್ಯದ ಹೊಲಿಗೆ ಉಳಿಯಬೇಕು, ಮಾವನ ಕುಪ್ಯದ ಮಡಿಕೆಯೂ ಕಾಣಬೇಕು ಅಂದರೆ ಹತ್ತು ಸ್ಟಾಪ್ ಬಳಸಬಹುದಾದ ರೇಂಜ್ ಬೇಕು. ಡಬ್ಬಿಯ ಹತ್ತಲ್ಲ, ನಿಜವಾದ ಹತ್ತು.

ಅದಕ್ಕೆ ನಾನು ಮಾಡಿದ್ದು ಇಷ್ಟು. ಒಂದು ಕಪ್ಪು ಕುಪ್ಯವನ್ನು ಗೋಡೆಗೆ ನೇತುಹಾಕಿ, ಸರಿಯಾದ ಎಕ್ಸ್‌ಪೋಷರ್‌ನಿಂದ ಶುರುಮಾಡಿ ಒಂದೊಂದೇ ಸ್ಟಾಪ್ ಕಡಿಮೆ ಮಾಡುತ್ತಾ 6 ಸ್ಟಾಪ್ ಕೆಳಗಿನವರೆಗೂ ತೆಗೆದೆ. ಆಮೇಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದೇ ಬೆಳಕಿಗೆ ಎತ್ತಿ, 12×36 ಆಲ್ಬಂನಲ್ಲಿ ಯಾವ ಗಾತ್ರಕ್ಕೆ ಬರುತ್ತದೋ ಅದೇ ಗಾತ್ರಕ್ಕೆ ಪ್ರಿಂಟ್ ಹಾಕಿಸಿ ಸಾಲಾಗಿ ಅಂಟಿಸಿದೆ. ಮನೆಯವರನ್ನೆಲ್ಲ ಕರೆದು ತೋರಿಸಿದೆ. 3 ಸ್ಟಾಪ್ ಕೆಳಗಿನದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ನಮ್ಮತ್ತೆ 5ನೆಯದರ ಮುಂದೆ ನಿಂತು ‘ಇದು ಮಳೆಯಲ್ಲಿ ತೆಗೆದಿದ್ದಾ?’ ಅಂದರು. ನನ್ನ ಗೆರೆ 4 ಸ್ಟಾಪ್ ಕೆಳಗಿನದ್ದಕ್ಕೆ ಬಿತ್ತು. ಆ ಫೈಲಿನಲ್ಲಿ ಅನುಪಾತ ಎಷ್ಟಿತ್ತು ಅಂತ ಅಳೆದು ಬರೆದಿಟ್ಟುಕೊಂಡೆ, ಅಂದಿನಿಂದ ಎಲ್ಲ ಕ್ಯಾಮೆರಾಗೂ ಅದೇ ಗೆರೆ.

ಒಂದು ವೆಬ್‌ಸೈಟ್ 14.4 ಅನ್ನುತ್ತದೆ, ಇನ್ನೊಂದು 11 ಅನ್ನುತ್ತದೆ. ಯಾರು ಸುಳ್ಳು?

ಯಾರೂ ಅಲ್ಲ. 2012ರ ನಿಕಾನ್ ಡಿ800 ನೋಡಿ. ಡಿಎಕ್ಸ್‌ಒಮಾರ್ಕ್ ಅದಕ್ಕೆ 14.4 ಸ್ಟಾಪ್ ಕೊಟ್ಟಿತು. ಅವರ ಗೆರೆ ಅನುಪಾತ 1. ಜೊತೆಗೆ ಫೋಟೋವನ್ನು 8 ಮೆಗಾಪಿಕ್ಸೆಲ್‌ಗೆ ಇಳಿಸಿದ ಹಾಗೆ ಲೆಕ್ಕ ಹಾಕುತ್ತಾರೆ. 36 ಮೆಗಾಪಿಕ್ಸೆಲ್ ಫೋಟೋ ಕುಗ್ಗಿಸಿದಾಗ ಪಿಕ್ಸೆಲ್‌ಗಳು ಸೇರಿಕೊಂಡು ನಾಯ್ಸ್ ತಗ್ಗುತ್ತದೆ, ಅಲ್ಲಿ ಸುಮಾರು 1.1 ಸ್ಟಾಪ್ ಲಾಭ. ಒಂದೊಂದೇ ಪಿಕ್ಸೆಲ್ ನೋಡಿದರೆ 13.3 ಹತ್ತಿರ. 24 ಮೆಗಾಪಿಕ್ಸೆಲ್‌ಗೆ ಈ ಲಾಭ 0.8, 45ಕ್ಕೆ 1.25.

ಬಿಲ್ ಕ್ಲಾಫ್ ಅವರ ಫೋಟನ್ಸ್ ಟು ಫೋಟೋಸ್‌ನಲ್ಲಿ ಲೆಕ್ಕ ಬೇರೆ. ಪ್ರಿಂಟನ್ನು ಮಾಮೂಲಿ ದೂರದಿಂದ ನೋಡುವಾಗ ಕಣ್ಣಿಗೆ ಒಂದು ಚುಕ್ಕಿಯಾಗಿ ಕಾಣುವಷ್ಟು ಜಾಗ ತೆಗೆದುಕೊಂಡು, ಅಲ್ಲಿ ಅನುಪಾತ 20 ಇರಬೇಕು ಅನ್ನುತ್ತಾರೆ. ಅದಕ್ಕೆ ಅದೇ ಡಿ800 ಅಲ್ಲಿ 11ರ ಆಸುಪಾಸಿಗೆ ಬರುತ್ತದೆ. ಸಿನಿಮಾ ಕ್ಯಾಮೆರಾ ಪರೀಕ್ಷಿಸುವ ಸಿನಿಡಿ ಅನುಪಾತ 2 ಇಟ್ಟುಕೊಳ್ಳುತ್ತದೆ. ಮೂವರದ್ದೂ ಸರಿ, ಆದರೆ ಒಬ್ಬರ ಅಂಕಿಯನ್ನು ಇನ್ನೊಬ್ಬರ ಅಂಕಿ ಪಕ್ಕ ಇಟ್ಟು ಹೋಲಿಸಬೇಡಿ. ನನಗೆ ಕ್ಲಾಫ್ ಲೆಕ್ಕ ಫೋಟೋದವರ ಕಣ್ಣಿಗೆ ಹತ್ತಿರ ಅನಿಸುತ್ತದೆ, ಅದು ನನ್ನ ಅಭಿಪ್ರಾಯ.

ಮನೆಯಲ್ಲಿ ಅಳೆಯಲು ಏನೇನು ಬೇಕು?

ಕ್ಯಾಮೆರಾ, ಟ್ರೈಪಾಡ್, ರಾ ಫೈಲಿನ (ಕ್ಯಾಮೆರಾ ಹೆಚ್ಚುಕಡಿಮೆ ಏನೂ ತಿದ್ದದೆ ಕೊಡುವ ಸೆನ್ಸರ್‌ನ ಫೈಲು) ನಿಜವಾದ ಅಂಕಿ ತೋರಿಸುವ ಒಂದು ಸಾಫ್ಟ್‌ವೇರ್, ಅಲುಗಾಡದ ಬೆಳಕು. ಸಾಫ್ಟ್‌ವೇರ್‌ಗೆ ರಾಡಿಗ್ಗರ್ ಚೆನ್ನಾಗಿದೆ. ಪುಕ್ಕಟೆ ಬೇಕು ಅಂದರೆ ಡಿಸಿರಾ, ಸಿರಿಲ್ ಇವೆ. ಲೈಟ್‌ರೂಮ್ ಥರದ್ದು ಬೇಡ. ಅದು ಅಂಕಿಗಳನ್ನು ಮುಟ್ಟದೆ ತೋರಿಸುವುದಿಲ್ಲ.

ಬೆಳಕಿನದ್ದೇ ನಮಗೆ ತಲೆನೋವು. ಕಿಟಕಿ ಬೆಳಕು ಬೇಡವೇ ಬೇಡ. ನಮ್ಮ ಊರಿನಲ್ಲಿ ಎರಡು ಫೋಟೋ ನಡುವೆ ಮೋಡ ಬಂದು ಹೋಗಿರುತ್ತದೆ. ಕರೆಂಟಿನ ಟ್ಯೂಬ್‌ಲೈಟೂ ಬೇಡ, 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಶಟರ್ ಜೋರಾದಾಗ ಒಂದು ಫೋಟೋಗೆ ಬೆಳಕು ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಬ್ಯಾಟರಿಯ ಎಲ್‌ಇಡಿ ಪ್ಯಾನೆಲ್ ತೆಗೆದುಕೊಳ್ಳಿ, ಪೂರ್ತಿ ಬೆಳಕಿಗೆ ಇಡಿ. ಮಂದ ಮಾಡಿದರೆ ಕೆಲವು ಪ್ಯಾನೆಲ್ ಮಿಣುಕಲು ಶುರುಮಾಡುತ್ತವೆ. ಬೆಳಕು ಹದವಾಗಿ ಹರಡಲು ಬೋರ್ಡ್ ಬರೆಯುವ ಅಂಗಡಿಯಲ್ಲಿ ಸಿಗುವ ಹಾಲು ಬಣ್ಣದ ಅಕ್ರಿಲಿಕ್ ತುಂಡು ಸಾಕು, ಗೋಣಿಕೊಪ್ಪದಲ್ಲಿ ನನಗೆ ಬರೀ ವೇಸ್ಟ್ ತುಂಡೇ ಸಿಕ್ಕಿತು, ದುಡ್ಡೂ ತೆಗೆದುಕೊಳ್ಳಲಿಲ್ಲ.

ಕ್ಯಾಮೆರಾ ಸೆಟ್ಟಿಂಗ್ ಹೇಗಿರಬೇಕು?

ಮ್ಯಾನುಯಲ್ ಮೋಡ್, ಐಎಸ್‌ಒ 100 ಅಥವಾ ನಿಮ್ಮ ಕ್ಯಾಮೆರಾದ ಮೂಲ ಐಎಸ್‌ಒ (ಸಂಕೇತವನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಸೆಟ್ಟಿಂಗ್), 14 ಬಿಟ್ ರಾ, ಕಂಪ್ರೆಸ್ ಮಾಡದ್ದು ಅಥವಾ ಲಾಸ್‌ಲೆಸ್. ನಾಯ್ಸ್ ರಿಡಕ್ಷನ್ ಎಲ್ಲ ಆಫ್. ಲೆನ್ಸ್ ಮೂಲೆಯ ಕತ್ತಲೆ ಸರಿಪಡಿಸುವ ಆಯ್ಕೆ, ಹೈಲೈಟ್ ಉಳಿಸುವ, ನೆರಳು ಎತ್ತುವ ಆಯ್ಕೆ, ಯಾವುದಿದ್ದರೂ ಆಫ್. ಹೈಲೈಟ್ ಉಳಿಸುವ ಆಯ್ಕೆಯದ್ದು ತಮಾಷೆ. ನೀವು ಕೇಳದೆಯೇ ಅದು ಎಕ್ಸ್‌ಪೋಷರ್ ಕಡಿಮೆ ಮಾಡಿರುತ್ತದೆ, ನೀವು ಸೆನ್ಸರ್‌ನ ಗುಣ ಅಂದುಕೊಂಡಿರುತ್ತೀರಿ. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರ್‌ಗೆ ಕಪ್ಪು ಟೇಪ್ ಹಚ್ಚಿ, ಹಿಂದಿನಿಂದ ಬೆಳಕು ಸೋರುತ್ತದೆ.

ಸರಿ, ಅಳೆಯುವುದು ಹೇಗೆ?

ಮೊದಲು ಕತ್ತಲೆ. ಲೆನ್ಸ್ ಕ್ಯಾಪ್ ಹಾಕಿ, ಅತಿ ವೇಗದ ಶಟರ್‌ನಲ್ಲಿ ಎರಡು ಫೋಟೋ. ಆ ಫೈಲಿನಲ್ಲಿ ಸೊನ್ನೆ ಇರುವುದಿಲ್ಲ, 512 ಹತ್ತಿರ ಏನೋ ಒಂದು ಅಂಕಿ ಇರುತ್ತದೆ. ಅದು ಬ್ಲ್ಯಾಕ್ ಲೆವೆಲ್, ಕ್ಯಾಮೆರಾದಿಂದ ಕ್ಯಾಮೆರಾಗೆ ಬದಲಾಗುತ್ತದೆ. ಎರಡೂ ಫೋಟೋಗಳ ನಡುಭಾಗದಲ್ಲಿ, ಹಸಿರು ಚಾನೆಲ್‌ನಲ್ಲಿ, ಒಂದರಿಂದ ಇನ್ನೊಂದನ್ನು ಕಳೆದು, ಬಂದದ್ದರ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ನೋಡಿ. ಅದನ್ನು 1.414ರಿಂದ ಭಾಗಿಸಿ. ಯಾಕೆ ಭಾಗಿಸಬೇಕು ಅಂದರೆ ಎರಡು ಫೋಟೋಗಳ ನಾಯ್ಸ್ ಸೇರಿಕೊಂಡಿರುತ್ತದೆ. ಯಾಕೆ ಕಳೆಯಬೇಕು ಅಂದರೆ ಸೆನ್ಸರ್‌ನ ಖಾಯಂ ಕಲೆಗಳು, ಧೂಳು, ಬೆಳಕಿನ ಏರಿಳಿತ, ಎರಡರಲ್ಲೂ ಒಂದೇ ಥರ ಇರುವಂಥದ್ದೆಲ್ಲ ಅಲ್ಲೇ ಹೊಡೆದುಹೋಗಲಿ ಅಂತ.

ಎರಡನೆಯದು ತುಂಬಿದ ಪಿಕ್ಸೆಲ್. ಬಿಳಿ ಅಕ್ರಿಲಿಕ್‌ಗೆ ಕ್ಯಾಮೆರಾ ಹಿಡಿದು ಪೂರ್ತಿ ಬರ್ನ್ ಆಗುವ ಹಾಗೆ ತೆಗೆಯಿರಿ. ಎಲ್ಲ ಪಿಕ್ಸೆಲೂ ಒಂದೇ ಅಂಕಿಗೆ ಬಂದು ನಿಂತಿರಬೇಕು. 14 ಬಿಟ್ ಅಂದರೆ ಅದು 16,383 ಅಂತ ಊಹಿಸಬೇಡಿ. ಎಷ್ಟೋ ಕ್ಯಾಮೆರಾಗಳು ಅದಕ್ಕಿಂತ ಕೆಳಗೇ ನಿಂತುಬಿಡುತ್ತವೆ. ನೋಡಿಯೇ ಬರೆದುಕೊಳ್ಳಿ.

ಇಷ್ಟಕ್ಕೇ ಒಂದು ಅಂಕಿ ಸಿಕ್ಕಿತು. ಕಪ್ಪು 512, ತುಂಬಿದ್ದು 16,383, ಕತ್ತಲೆಯ ನಾಯ್ಸ್ 1.2 ಅಂತ ಇಟ್ಟುಕೊಂಡರೆ, ಮೇಲಿನದ್ದರಲ್ಲಿ ಕಪ್ಪು ಕಳೆದು 15,871, ಅದನ್ನು 1.2ರಿಂದ ಭಾಗಿಸಿದರೆ 13,226. ಇದರ ಬೇಸ್ 2 ಲಾಗ್, ಅಂದರೆ ಸ್ಟಾಪ್ ಲೆಕ್ಕ, 13.7. ಹತ್ತು ನಿಮಿಷದ ಕೆಲಸ, ಆದರೆ ಇದು ಡಬ್ಬಿಯ ಅಂಕಿ.

ಮೂರನೆಯದು ನಿಜವಾದ ಕೆಲಸ. ಲೆನ್ಸ್ ಔಟ್ ಆಫ್ ಫೋಕಸ್ ಮಾಡಿ, ಎಫ್ 5.6ರಲ್ಲಿ ಇಡಿ, ಅದನ್ನು ಮತ್ತೆ ಮುಟ್ಟಬೇಡಿ. ಬರ್ನ್ ಆಗುವ ಶಟರ್‌ನಿಂದ ಶುರುಮಾಡಿ ಮೂರನೇ ಒಂದು ಸ್ಟಾಪ್‌ನಂತೆ ಕಡಿಮೆ ಮಾಡುತ್ತಾ ಹೋಗಿ, ಪ್ರತಿಯೊಂದಕ್ಕೂ ಎರಡೆರಡು ಫೋಟೋ. 14 ಸ್ಟಾಪ್ ಇಳಿಯಬೇಕು ಅಂದರೆ 40ಕ್ಕೂ ಜಾಸ್ತಿ ಮೆಟ್ಟಿಲು, 80ಕ್ಕೂ ಮೇಲೆ ಫೋಟೋ. ಬೇಸರ ಆಗುತ್ತದೆ, ಕಾಫಿ ಮಾಡಿಟ್ಟುಕೊಳ್ಳಿ. ಒಂದು ವಿಷಯ ನೆನಪಿರಲಿ, ಶಟರ್ ಮೇಲೆ ಬರೆದ ಅಂಕಿ ಪೂರ್ತಿ ನಿಜವಲ್ಲ. 1/30 ಅಂದರೆ ಒಳಗೆ 1/32, 1/60 ಅಂದರೆ 1/64, 30 ಸೆಕೆಂಡ್ ಅಂದರೆ 32. ಅಪರ್ಚರ್ ಬದಲಿಸಿ ಅಳೆಯುವುದು ಇನ್ನೂ ಕೆಟ್ಟದ್ದು, ಅದರ ಬ್ಲೇಡ್ ಪ್ರತಿಸಲ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ ಅಂತ ನಂಬಿಕೆ ಇಲ್ಲ.

ಆಮೇಲೆ ಎಕ್ಸೆಲ್ ತೆರೆದು ಪ್ರತಿ ಜೋಡಿಗೂ ಸರಾಸರಿಯಿಂದ ಕಪ್ಪು ಕಳೆದು, ಮೊದಲು ಹೇಳಿದ ಹಾಗೆ ಸಿಕ್ಕ ನಾಯ್ಸಿನಿಂದ ಭಾಗಿಸಿ. ಅನುಪಾತದ ಸಾಲು ತಯಾರು. ಮೇಲಿನಿಂದ ಕೆಳಗೆ ಬರುತ್ತಾ ನಿಮ್ಮ ಗೆರೆ, 4 ಇರಲಿ 10 ಇರಲಿ, ಎಲ್ಲಿ ದಾಟುತ್ತದೆ ನೋಡಿ, ತುಂಬಿದ ಜಾಗದಿಂದ ಅಲ್ಲಿಗೆ ಎಷ್ಟು ಸ್ಟಾಪ್ ಅಂತ ಎಣಿಸಿ. ಅದೇ ನಿಮ್ಮ ಬಳಸಬಹುದಾದ ರೇಂಜ್.

ಎಲೆಕ್ಟ್ರಾನ್ ಎಷ್ಟು ಅಂತ ಮನೆಯಲ್ಲೇ ಗೊತ್ತಾಗುತ್ತದಾ?

ಆಗುತ್ತದೆ, ನನಗೆ ಬಹಳ ಇಷ್ಟವಾದ ಭಾಗ ಇದು. ಶಾಟ್ ನಾಯ್ಸ್ ವರ್ಗಮೂಲದ ನಿಯಮ ಮೀರುವುದಿಲ್ಲ ಅಂದೆನಲ್ಲ, ಆ ನಿಯಮವನ್ನೇ ಹಿಂದುಮುಂದಾಗಿ ಬಳಸುವುದು. ಮಧ್ಯದ ಬೆಳಕಿನ ಒಂದು ಜೋಡಿ ತೆಗೆದುಕೊಳ್ಳಿ. ಕಪ್ಪು ಕಳೆದ ಸರಾಸರಿ 4,000, ನಾಯ್ಸಿನ ವರ್ಗ 1,290 ಬಂತು ಅನ್ನಿ. ಭಾಗಿಸಿದರೆ 3.1. ಅಂದರೆ ಫೈಲಿನ ಒಂದು ಅಂಕಿಗೆ 3.1 ಎಲೆಕ್ಟ್ರಾನ್. ಮೇಲಿನ 15,871ಕ್ಕೆ ಗುಣಿಸಿದರೆ 49,200 ಎಲೆಕ್ಟ್ರಾನ್ ಹಿಡಿಯುತ್ತದೆ ಅಂತಾಯಿತು. ಕತ್ತಲೆಯ 1.2ಕ್ಕೆ ಗುಣಿಸಿದರೆ ರೀಡ್ ನಾಯ್ಸ್ 3.7 ಎಲೆಕ್ಟ್ರಾನ್. ಕೈಯಲ್ಲಿ ಒಂದು ಅಕ್ರಿಲಿಕ್ ತುಂಡು ಮತ್ತು ಎಲ್‌ಇಡಿ ಇಟ್ಟುಕೊಂಡು, ಕಣ್ಣಿಗೆ ಕಾಣದ ಪಿಕ್ಸೆಲ್‌ನೊಳಗೆ ಎಷ್ಟು ಎಲೆಕ್ಟ್ರಾನ್ ಕೂರುತ್ತದೆ ಅಂತ ಎಣಿಸಿದಂತಾಯಿತು. ಮೊದಲ ಸಲ ಲೆಕ್ಕ ಸರಿ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜೆಪೆಗ್‌ನಲ್ಲಿ ಅಳೆದರೆ ಆಗುವುದಿಲ್ಲವಾ?

ಆಗುವುದಿಲ್ಲ. ಜೆಪೆಗ್ ಅಂದರೆ ಅಡುಗೆ ಮುಗಿದು ಬಡಿಸಿದ ಊಟ. ನೆರಳು ಎತ್ತಿರುತ್ತದೆ, ಹೈಲೈಟ್ ಬಗ್ಗಿಸಿರುತ್ತದೆ, ನಾಯ್ಸ್ ಒರೆಸಿರುತ್ತದೆ. ನಾಯ್ಸ್ ಒರೆಸಿದ ಫೈಲಿನಲ್ಲಿ ಅನುಪಾತ ಆಕಾಶಕ್ಕೆ ಹೋಗುತ್ತದೆ, ಆದರೆ ಬಟ್ಟೆಯ ನೂಲೂ ಒರೆಸಿಹೋಗಿರುತ್ತದೆ.

ರಾ ಫೈಲನ್ನಾದರೂ ನಂಬಬಹುದಾ?

ಬಹುತೇಕ. ಕೆಲವು ಕ್ಯಾಮೆರಾಗಳು ರಾ ಬರೆಯುವ ಮೊದಲೇ ನಾಯ್ಸ್ ತಟ್ಟಿ ಮಲಗಿಸುತ್ತವೆ. ಹೆಚ್ಚಾಗಿ ದೊಡ್ಡ ಐಎಸ್‌ಒನಲ್ಲಿ. ಇನ್ನು ಕೆಲವು ಹಳೆಯ ಕ್ಯಾಮೆರಾಗಳು ಕಪ್ಪನ್ನು ಮೊದಲೇ ಕಳೆದು ಸೊನ್ನೆಗಿಂತ ಕೆಳಗಿನದ್ದನ್ನು ಕತ್ತರಿಸಿ ಹಾಕುತ್ತಿದ್ದವು. ನಾಯ್ಸಿನ ಅರ್ಧ ಭಾಗ ಕಾಣೆಯಾದರೆ ರೇಂಜ್ ಸುಮ್ನೆ ಜಾಸ್ತಿ ಕಾಣುತ್ತದೆ. ಕತ್ತಲೆ ಫೋಟೋದ ಹಿಸ್ಟೋಗ್ರಾಂ (ಯಾವ ಅಂಕಿ ಎಷ್ಟು ಪಿಕ್ಸೆಲ್‌ನಲ್ಲಿದೆ ಅಂತ ತೋರಿಸುವ ಚಿತ್ರ) ನೋಡಿ. ಗುಡ್ಡದ ಆಕಾರ ಪೂರ್ತಿ ಇದ್ದರೆ ಸರಿ. ಎಡಗಡೆ ಜರಿದುಬಿದ್ದ ಗುಡ್ಡದ ಹಾಗೆ ಕಂಡರೆ ಅನುಮಾನ ಪಡಿ.

ನಾಯ್ಸ್ ಎಷ್ಟು ಅನ್ನುವುದರ ಜೊತೆ ಹೇಗಿದೆ ಅನ್ನುವುದೂ ಮುಖ್ಯ. ಪುಡಿ ಪುಡಿ ಗ್ರೇನನ್ನು ಕಣ್ಣು ಕ್ಷಮಿಸುತ್ತದೆ, ಪಟ್ಟೆಯನ್ನು ಕ್ಷಮಿಸುವುದಿಲ್ಲ. ಕತ್ತಲೆ ಫೋಟೋವನ್ನು 5–6 ಸ್ಟಾಪ್ ಎತ್ತಿ ದೂರದಿಂದ ನೋಡಿ. ಅಡ್ಡಕ್ಕೋ ಉದ್ದಕ್ಕೋ ಗೆರೆ ಕಂಡರೆ ಅಂಕಿ ಎಷ್ಟೇ ಬರಲಿ, ಒಂದು ಸ್ಟಾಪ್ ನೀವೇ ಕಳೆದುಕೊಳ್ಳಿ.

14 ಬಿಟ್ ಇದ್ದರೆ 14 ಸ್ಟಾಪ್ ಗ್ಯಾರಂಟಿನಾ?

ಇಲ್ಲ. ಬಿಟ್ ಅಂದರೆ ಅಳತೆ ಗ್ಲಾಸಿನ ಮೇಲಿನ ಗೆರೆಗಳು. ಗೆರೆ ಜಾಸ್ತಿ ಹಾಕಿದ ಮಾತ್ರಕ್ಕೆ ಗ್ಲಾಸ್ ದೊಡ್ಡದಾಗುವುದಿಲ್ಲ. ಆದರೆ ತಿರುಗಿಸಿ ಹೇಳಿದರೆ ನಿಜ, 12 ಬಿಟ್ ಫೈಲಿನಲ್ಲಿ ಒಂದೊಂದು ಪಿಕ್ಸೆಲ್‌ನಿಂದ 12ಕ್ಕಿಂತ ಹೆಚ್ಚು ಬರುವುದು ಕಷ್ಟ. ಎಲೆಕ್ಟ್ರಾನಿಕ್ ಶಟರ್ ಹಾಕಿದಾಗ, ಜೋರು ಬರ್ಸ್ಟ್ ಹೊಡೆದಾಗ ಕೆಲವು ಕ್ಯಾಮೆರಾ ಸದ್ದಿಲ್ಲದೆ 12 ಬಿಟ್‌ಗೆ ಇಳಿಯುತ್ತವೆ. ದೇವಸ್ಥಾನದಲ್ಲಿ ಸೈಲೆಂಟ್ ಶಟರ್ ಹಾಕಿ ತೆಗೆದ ಫೋಟೋದ ನೆರಳು ಯಾಕೋ ಗಲೀಜಾಗಿದೆ ಅನಿಸಿದರೆ ಮೊದಲು ಇದನ್ನು ನೋಡಿ.

ಐಎಸ್‌ಒ ಏರಿಸಿದರೆ ರೇಂಜ್ ಕಡಿಮೆ ಆಗುತ್ತದಾ?

ಆಗುತ್ತದೆ. ಒಂದು ಸ್ಟಾಪ್ ಏರಿಸಿದರೆ ಮೇಲಿನ ತುದಿ ಒಂದು ಸ್ಟಾಪ್ ಕೆಳಗೆ ಬರುತ್ತದೆ, ರೀಡ್ ನಾಯ್ಸ್ ಅಷ್ಟು ಇಳಿಯುವುದಿಲ್ಲ. ಹಳೆಯ ಕ್ಯಾಮೆರಾಗಳಲ್ಲಿ ಕಥೆ ಬೇರೆ ಇತ್ತು. ಸೆನ್ಸರ್ ಆಚೆಗಿನ ಸರ್ಕ್ಯೂಟ್ ಗಲಾಟೆಯೇ ಜಾಸ್ತಿ ಇದ್ದದ್ದರಿಂದ 100ರಿಂದ 400ರವರೆಗೆ ರೇಂಜ್ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಸೋನಿ 2007ರಲ್ಲಿ ಎಕ್ಸ್‌ಮೋರ್ ಅಂತ ತಂದ ಸೆನ್ಸರ್‌ನಲ್ಲಿ ಪಿಕ್ಸೆಲ್‌ನ ಪ್ರತಿ ಕಂಬಸಾಲಿಗೂ ಸಂಕೇತವನ್ನು ಅಂಕಿ ಮಾಡುವ ಒಂದೊಂದು ಪರಿವರ್ತಕ ಚಿಪ್ಪಿನೊಳಗೇ ಕೂತಿತು, ದಾರಿಯಲ್ಲಿ ಸೇರುತ್ತಿದ್ದ ಗಲಾಟೆ ತಗ್ಗಿತು. ಈಗಿನ ಕ್ಯಾಮೆರಾಗಳಲ್ಲಿ ಕಡಿಮೆ ಐಎಸ್‌ಒನಲ್ಲಿ ತೆಗೆದು ಆಮೇಲೆ ನೆರಳು ಎತ್ತಿದರೂ ನಡೆಯುವುದು ಅದರಿಂದಲೇ.

ಇನ್ನೊಂದು ಜಾಣತನ ಇದೆ. ಕೆಲವು ಸೆನ್ಸರ್‌ಗಳಲ್ಲಿ ಪ್ರತಿ ಪಿಕ್ಸೆಲ್‌ಗೂ ಎರಡು ಗೇನ್, ಅಂದರೆ ಸಂಕೇತ ಹಿಗ್ಗಿಸುವ ಎರಡು ಮಟ್ಟ. ಸೋನಿ ಎ7 3ರಲ್ಲಿ ಐಎಸ್‌ಒ 640ಕ್ಕೆ ಗೇರ್ ಬದಲಾಗುತ್ತದೆ. ಅಲ್ಲಿ ರೀಡ್ ನಾಯ್ಸ್ ದಬಕ್ಕನೆ ಇಳಿದು, 640ರ ರೇಂಜ್ 500ಕ್ಕಿಂತ ಜಾಸ್ತಿ ಬರುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಆ ಗೇರ್ ಎಲ್ಲಿದೆ ಅಂತ ತಿಳಿಯಲು ಲೆನ್ಸ್ ಕ್ಯಾಪ್ ಹಾಕಿ ಎಲ್ಲ ಐಎಸ್‌ಒಗೂ ಒಂದೊಂದು ಜೋಡಿ ತೆಗೆದರೆ ಸಾಕು. ಅರ್ಧ ಗಂಟೆ ಕೆಲಸ. ಮದುವೆ ಮನೆಯ ಒಳಗೆ 500 ಇಡಲೋ 640 ಇಡಲೋ ಅನ್ನುವ ಪ್ರಶ್ನೆ ಶಾಶ್ವತವಾಗಿ ಮುಗಿಯುತ್ತದೆ.

ಐಎಸ್‌ಒ 50 ಅಂತ ಇರುತ್ತದಲ್ಲ, ಮೂಲ 100 ಇರುವ ಕ್ಯಾಮೆರಾದಲ್ಲಿ ಅದರಿಂದ ಏನೂ ಲಾಭ ಇಲ್ಲ. 100ರಲ್ಲೇ ಒಂದು ಸ್ಟಾಪ್ ಜಾಸ್ತಿ ಬೆಳಕು ಕೊಟ್ಟು ಆಮೇಲೆ ಇಳಿಸುತ್ತದೆ ಅಷ್ಟೆ.

ಫುಲ್ ಫ್ರೇಮ್ ತೆಗೆದುಕೊಂಡರೆ ಎಷ್ಟು ಸ್ಟಾಪ್ ಲಾಭ?

1.5 ಕ್ರಾಪ್ ಅನ್ನುವ ಸಣ್ಣ ಸೆನ್ಸರ್‌ಗಿಂತ ಫುಲ್ ಫ್ರೇಮ್ ಸೆನ್ಸರ್‌ನ ಜಾಗ 2.25 ಪಟ್ಟು. ಎರಡೂ ಒಂದೇ ಕಾಲದ ತಂತ್ರಜ್ಞಾನ ಆಗಿದ್ದು, ಪ್ರಿಂಟೂ ಒಂದೇ ಗಾತ್ರದ್ದಾದರೆ ಸುಮಾರು ಒಂದು ಸ್ಟಾಪ್. ಅದಕ್ಕೆ ಎಷ್ಟು ದುಡ್ಡು ಕೊಡುತ್ತೀರಿ ಅನ್ನುವುದು ಕಾಫಿ ರೇಟಿನ ಮೇಲೆ.

ಅಳತೆ ಚೆನ್ನಾಗಿ ಬಂತು, ಹೊರಗೆ ತೆಗೆದರೆ ನೆರಳು ಮಾತ್ರ ತೊಳೆದ ಹಾಗೆ ಬರುತ್ತದೆ. ಯಾಕೆ?

ಲೆನ್ಸ್ ನೋಡಿ. ನಾವು ಅಳೆದದ್ದು ಸೆನ್ಸರ್ ಮಾತ್ರ. ಫ್ರೇಮಿನಲ್ಲಿ ಬಿಸಿಲಿನ ಆಕಾಶ ಇದ್ದರೆ ಅದರ ಬೆಳಕು ಲೆನ್ಸಿನ ಒಳಗೆ ಅಲ್ಲಿ ಇಲ್ಲಿ ತಾಗಿ ಚದುರಿ ನೆರಳಿನ ಮೇಲೆ ಬಂದು ಕೂರುತ್ತದೆ. ಸೆನ್ಸರ್ 14 ಸ್ಟಾಪ್ ಹಿಡಿಯಲು ತಯಾರಿದ್ದರೂ ಲೆನ್ಸ್ ಅಷ್ಟು ಅಂತರವನ್ನು ಒಳಗೆ ಬಿಡುವುದೇ ಇಲ್ಲ. ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣ, ಫಂಗಸ್. ಮಳೆಗಾಲ ಪೂರ್ತಿ ಬ್ಯಾಗಿನಲ್ಲೇ ಬಿಟ್ಟ ಲೆನ್ಸ್ ಅಕ್ಟೋಬರ್‌ನಲ್ಲಿ ತೆಗೆದರೆ ಒಳಗೆ ಜೇಡನ ಬಲೆ. ನಾನು ಒಂದು 85 ಎಂಎಂ ಲೆನ್ಸನ್ನು ಹಾಗೇ ಕಳೆದುಕೊಂಡೆ, ಅದಕ್ಕೂ ಮೊದಲು ಎರಡು ತಿಂಗಳು ‘ಈ ಕ್ಯಾಮೆರಾದ ನೆರಳೇ ಸರಿಯಿಲ್ಲ’ ಅಂತ ಸೆನ್ಸರ್‌ಗೆ ಬೈದೆ. ಈಗ ಬೀರುವಿನೊಳಗೆ ಸಿಲಿಕಾ ಜೆಲ್, ಮೂಲೆಯಲ್ಲಿ ಒಂದು ಸಣ್ಣ ಬಲ್ಬ್.

ಸ್ಟೆಪ್ ವೆಡ್ಜ್ ಚಾರ್ಟ್ ಕೊಳ್ಳಬೇಕಾ?

ಬೇಕಿಲ್ಲ, ಇದ್ದರೆ ಚೆಂದ. ಸ್ಟೌಫರ್ ಕಂಪನಿಯ 41 ಮೆಟ್ಟಿಲಿನ ಫಿಲ್ಮ್ ಪಟ್ಟಿ ಇದೆ, ಮೆಟ್ಟಿಲಿಗೆ 0.1 ಡೆನ್ಸಿಟಿ, ಅಂದರೆ ಮೂರನೇ ಒಂದು ಸ್ಟಾಪ್. ಒಟ್ಟು 13 ಸ್ಟಾಪ್‌ಗೂ ಸ್ವಲ್ಪ ಜಾಸ್ತಿ. ಹಿಂದೆ ಲೈಟ್ ಹಾಕಿ ಒಂದೇ ಫೋಟೋದಲ್ಲಿ ಎಲ್ಲ ಮೆಟ್ಟಿಲೂ ಸಿಗುತ್ತದೆ. ಸಿನಿಮಾದವರು ಬಳಸುವ ಕ್ಸೈಲಾ 21ರಲ್ಲಿ ಒಂದೊಂದು ಸ್ಟಾಪ್‌ನ 21 ಪಟ್ಟಿಗಳಿವೆ. ಆದರೆ ಒಂದೇ ಫೋಟೋ ಅಂದರೆ ಮೇಲೆ ಹೇಳಿದ ಲೆನ್ಸ್ ಚದುರುವಿಕೆಯೂ ಅಳತೆಯೊಳಗೆ ಸೇರುತ್ತದೆ. ಕ್ಯಾಮೆರಾ ಮತ್ತು ಲೆನ್ಸ್ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಅಂತ ತಿಳಿಯಬೇಕಾದರೆ ಅದೇ ಸರಿ, ಸೆನ್ಸರ್ ಮಾತ್ರ ಬೇಕಾದರೆ ಶಟರ್ ವಿಧಾನ.

ಮೊಬೈಲ್‌ನಲ್ಲಿ ಕ್ಯಾಮೆರಾಗಿಂತ ಜಾಸ್ತಿ ರೇಂಜ್ ಕಾಣುತ್ತದಲ್ಲ?

ಮೊಬೈಲ್ ಒಂದು ಫೋಟೋ ತೆಗೆಯುವುದೇ ಇಲ್ಲ. ಸರಸರನೆ ಹಲವು ತೆಗೆದು ಸೇರಿಸುತ್ತದೆ. 4 ಫೋಟೋ ಸೇರಿಸಿದರೆ ನಾಯ್ಸ್ ಅರ್ಧ, 16 ಸೇರಿಸಿದರೆ ಕಾಲು ಭಾಗ. ನೀವೂ ಟ್ರೈಪಾಡ್ ಇಟ್ಟು 16 ರಾ ತೆಗೆದು ಸರಾಸರಿ ಮಾಡಿದರೆ ನೆರಳಿನಲ್ಲಿ 2 ಸ್ಟಾಪ್ ಲಾಭ. ರಾಜಾಸೀಟಿನ ಸೂರ್ಯಾಸ್ತಕ್ಕೆ ಇದು ನಡೆಯುತ್ತದೆ. ವಾಲಗಕ್ಕೆ ಕುಣಿಯುವವರಿಗೆ ನಡೆಯುವುದಿಲ್ಲ.

ಮಡಿಕೇರಿ ಚಳಿಯಲ್ಲಿ ಅಳೆದದ್ದು ಬೇರೆ ಊರಿಗೆ ಹೊಂದುತ್ತದಾ?

ಸಾಧಾರಣ ಶಟರ್ ವೇಗದಲ್ಲಿ ಹೊಂದುತ್ತದೆ. ಸೆಕೆಂಡುಗಟ್ಟಲೆ ತೆರೆದಿಟ್ಟಾಗ ಮಾತ್ರ ಶಾಖದಿಂದ ಹುಟ್ಟುವ ಎಲೆಕ್ಟ್ರಾನ್ ಲೆಕ್ಕಕ್ಕೆ ಬರುತ್ತದೆ. ಸುಮಾರಾಗಿ ಪ್ರತಿ 6–8 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಅದು ಎರಡರಷ್ಟಾಗುತ್ತದೆ. ನಕ್ಷತ್ರ ತೆಗೆಯುವವರಿಗೆ ಜನವರಿಯ ರಾತ್ರಿ ಅದಕ್ಕೇ ಇಷ್ಟ.

ನಮ್ಮೂರಿನ ಫೋಟೋಗಳಿಗೆ ನಿಜವಾಗಿ ಎಷ್ಟು ಸ್ಟಾಪ್ ಬೇಕು?

ಸ್ಪಾಟ್ ಮೀಟರಿಂಗ್ ಹಾಕಿ ಅತಿ ಬೆಳಕಿನ ಜಾಗವನ್ನೂ, ಕಾಣಲೇಬೇಕಾದ ಅತಿ ಕತ್ತಲೆಯ ಜಾಗವನ್ನೂ ಅಳೆದು ಅಂತರ ನೋಡಿ. ಮಾಂದಲ್‌ಪಟ್ಟಿಯ ಮಂಜಿನಲ್ಲಿ ಹಿಸ್ಟೋಗ್ರಾಂ ಮಧ್ಯದಲ್ಲಿ ಒಂದು ಮುದ್ದೆ, ನಾಲ್ಕೈದು ಸ್ಟಾಪ್ ಮೀರುವುದಿಲ್ಲ, ಹತ್ತು ವರ್ಷ ಹಳೆಯ ಕ್ಯಾಮೆರಾ ಸಾಕು. ಹೂಮಳೆ ಆಗಿ ಕಾಫಿ ಹೂ ಬಿಟ್ಟಾಗ ಕಷ್ಟ. ಸಿಲ್ವರ್ ಓಕ್ ಮರಗಳ ಸಂದಿಯಿಂದ ಬಿಸಿಲಿನ ತುಂಡು ಬಿಳಿ ಹೂವಿನ ಮೇಲೆ ಬೀಳುತ್ತದೆ, ಪಕ್ಕದಲ್ಲೇ ಕಡು ಹಸಿರು ಎಲೆ ನೆರಳಿನಲ್ಲಿ. ಅಲ್ಲಿ ಹೂವಿಗೆ ಎಕ್ಸ್‌ಪೋಸ್ ಮಾಡಿ, ಎಲೆ ಆಮೇಲೆ ಎತ್ತಿಕೊಳ್ಳಿ. ಮಡಿಕೇರಿ ದಸರಾದ ದಶಮಂಟಪಗಳಲ್ಲಿ ಲೈಟೇ ಫ್ರೇಮಿನೊಳಗೆ ಇರುತ್ತದೆ, ಎಷ್ಟು ಸ್ಟಾಪ್ ಇದ್ದರೂ ಸಾಲದು. ಬಲ್ಬು ಬರ್ನ್ ಆಗಲಿ ಬಿಡಿ, ಬಲ್ಬಿನೊಳಗೆ ಏನಿದೆ ಅಂತ ಯಾರೂ ನೋಡುವುದಿಲ್ಲ.

ನನ್ನ ಕ್ಯಾಮೆರಾ ನೀವೇ ಅಳೆದು ಕೊಡುತ್ತೀರಾ?

ಮಳೆಗಾಲದಲ್ಲಾದರೆ ಖಂಡಿತ. ಡಿಸೆಂಬರ್‌ನಿಂದ ಕಾಫಿ ಕುಯ್ಲು, ಅದರ ನಡುವೆ ಮದುವೆಗಳು, ಆಗ ಕೇಳಬೇಡಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕಾರ್ಡ್ ಖಾಲಿ ಮಾಡಿ ತನ್ನಿ. ಲೆನ್ಸ್ ಕ್ಯಾಪ್ ಮರೆಯಬೇಡಿ, ಕಳೆದ ಸಲ ಇಬ್ಬರು ಮರೆತು ಬಂದಿದ್ದರು.